ಐದನೆಯ ಎಲೆ

ಹತ್ತಿ ಬಿಡಿಸುವ ಕಾಲ ಬಂತೆಂದರೆ ನಮ್ಮೂರ ಶಿಶುವಿಹಾರದ ಬಾಗಿಲನ್ನು ಹೊತ್ತು ಹುಟ್ಟುವ ಮೊದಲೇ ತೆರೆಯಬೇಕು. ಬಿಸಿಲೇರಿದರೆ ಒಣಗಿದ ಎಲೆಯ ಪುಡಿ ಹತ್ತಿಗೆ ಅಂಟಿಕೊಳ್ಳುತ್ತದೆಂದು ಹೆಂಗಸರು ಇಬ್ಬನಿ ಇರುವಾಗಲೇ ಹೊಲಕ್ಕೆ ಹೊರಡುತ್ತಾರೆ. ಹೊರಡುವ ಮುಂಚೆ ಅರೆನಿದ್ದೆಯ ಮಕ್ಕಳನ್ನು ತಂದು ನನ್ನ ಚಾಪೆಯ ಮೇಲೆ ಸಾಲಾಗಿ ಇಳಿಸಿ ಹೋಗುತ್ತಾರೆ. ಆ ಹೊತ್ತಿಗೆ ನಾನು ಒಲೆಯ ಮೇಲೆ ಜಾಲಿಯ ಅಂಟನ್ನು ಕರಗಿಸುತ್ತಿರುತ್ತೇನೆ. ಪಕ್ಕದಲ್ಲಿ ಹಸಿರಿಗೆಂದು ಅವರೆ ಎಲೆ ಅರೆದು ಹಿಂಡಿದ ರಸ ಒಂದು ಕುಡಿಕೆಯಲ್ಲಿ, ಕೆಂಪಿಗೆಂದು ಪಾಪಾಸುಕಳ್ಳಿ ಹಣ್ಣಿನ ರಸ ಇನ್ನೊಂದರಲ್ಲಿ. ಹಳೆಯ ಕಾಗದಗಳನ್ನು ಅವುಗಳಲ್ಲಿ ಅದ್ದಿ, ಹಗ್ಗಕ್ಕೆ ತೂಗುಹಾಕಿ ಒಣಗಿಸಿದರೆ ದಿನದ ಪಾಠ ಸಿದ್ಧವಾದಂತೆ.

ಬಣ್ಣದ ಪಾಠವೆಂದರೆ ನಮ್ಮೂರಲ್ಲಿ ಕೊಡುವ-ಕೊಳ್ಳುವ ವ್ಯವಹಾರ. ಹಳದಿ, ನೀಲಿ ಮಕ್ಕಳಿಗೆ ತಾವಾಗಿಯೇ ಬರುತ್ತವೆ. ಅರಿಸಿನ ಹಚ್ಚಿ ಎರೆಯುವಾಗ ಒಂದು, ಮಾಳಿಗೆಯ ಮೇಲೆ ಅಂಗಾತ ಮಲಗಿ ಆಕಾಶ ನೋಡುವಾಗ ಇನ್ನೊಂದು. ಕೆಂಪು ಮತ್ತು ಹಸಿರು ಹಾಗಲ್ಲ. ಅವನ್ನು ಹಿರಿಯರ ಕಡೆಯಿಂದ ಕಡ ತರಬೇಕು. ಹಿರಿಯರು ಮಗುವಿನ ಎದುರು ಕೂತು ಆ ಬಣ್ಣದ ಪದ್ಯ ಹೇಳುತ್ತಾರೆ, ಮಗು ಅದನ್ನೇ ತಿರುಗಿ ಹೇಳುತ್ತದೆ, ಬಣ್ಣ ಇವರ ಕಣ್ಣಿನಿಂದ ಅದರ ಕಣ್ಣಿಗೆ ದಾಟುತ್ತದೆ. ಆಮೇಲೆ ಮಗು ಅದೇ ಬಣ್ಣದ ಐದು ಸಾಮಾನು ತನ್ನ ಕೈಯಾರೆ ಮಾಡಿ, ಎಣಿಸಿ, ಕೊಟ್ಟವರ ಅಂಗೈಯಲ್ಲಿಡಬೇಕು. ಅವರು ಮುಷ್ಟಿ ಮುಚ್ಚಿದರೆ ಒಂದು ಪಾಲು ಬಣ್ಣ ಮರಳಿತು. ಐದಕ್ಕೆ ಐದೂ ಮುಟ್ಟಿದರೆ ಇಬ್ಬರಿಗೂ ಬಣ್ಣ ಪೂರ್ತಿ. ಹೆತ್ತವರ ಬಣ್ಣ ಹೆತ್ತ ಮಕ್ಕಳಿಗೆ ಹತ್ತುವುದಿಲ್ಲ. ಪದ್ಯ ಕಲಿಸುವ ನನ್ನಂಥವರದೂ ಹತ್ತುವುದಿಲ್ಲ. ಹಾಲುಹಲ್ಲು ಒಂದು ಬಿದ್ದರೂ ಮುಗಿಯಿತು, ಆಮೇಲೆ ಯಾರದೂ ಹತ್ತುವುದಿಲ್ಲ. ಹತ್ತಿದ್ದನ್ನು ತೀರಿಸುವುದಕ್ಕೆ ಮಾತ್ರ ಗಡುವಿಲ್ಲ.

ಕೆಂಪು ಕೊಟ್ಟು ಕೂತವರು ಮೆಣಸಿನಕಾಯಿ ಹಣ್ಣಾಗಿದೆಯೋ ಇಲ್ಲವೋ ಎಂದು ಪಕ್ಕದ ಮನೆಯವರನ್ನು ಕೇಳುವುದು, ಹಸಿರು ಕೊಟ್ಟವರು ಬೇವಿನ ಗಿಡ ಒಣಗಿತೆಂದು ನಿಟ್ಟುಸಿರು ಬಿಟ್ಟು ನಗೆಗೀಡಾಗುವುದು, ಇವೆಲ್ಲ ನಮ್ಮಲ್ಲಿ ದಿನದ ಮಾತು. ಹದಿನೈದು ದಿನವೋ ತಿಂಗಳೋ, ಅಷ್ಟರಲ್ಲಿ ಮಕ್ಕಳು ತೀರಿಸಿಬಿಡುತ್ತಾರೆ.

ಹುಲಿಗಿ ತೀರಿಸಿರಲಿಲ್ಲ.

ಇದು ಹೋದ ವರ್ಷದ ಮಾತು. ಅದರ ಹಿಂದಿನ ವರ್ಷ ಇದೇ ಹತ್ತಿಯ ಕಾಲದಲ್ಲಿ ಅವಳ ಅಜ್ಜ ಅವಳಿಗೆ ಕೆಂಪು ಕೊಟ್ಟಿದ್ದ. ಹುಂಜದ ಜುಟ್ಟು, ಮೆಣಸಿನಕಾಯಿ, ದಾಸವಾಳ, ಗುಲಗಂಜಿಯ ಸರ ಎಂದು ನಾಲ್ಕು ಸಾಮಾನು ಮಾಡಿ ಅವಳು ಅವನ ಕೈಯಲ್ಲಿಟ್ಟಿದ್ದಳು. ಐದನೆಯದಕ್ಕೆ ಮುಂಚೆ ಅಜ್ಜ ಜ್ವರ ಬಂದು ಮಲಗಿದ. ಅವನಿಗೆ ಇನ್ನೂ ಮರಳದೆ ಉಳಿದದ್ದು ಕುಂಕುಮದ ಕೆಂಪು. ಕೊನೆಯ ದಿನ ಹೆಂಡತಿ ಪಾರವ್ವ ನೀರು ಕುಡಿಸಲು ಬಗ್ಗಿದಾಗ ಅವಳ ಹಣೆ ನೋಡಿ, "ಯಾಕ ಅಳಿಸೀದಿ? ನಾ ಇನ್ನೂ ಅದೀನಲ್ಲ" ಎಂದನಂತೆ. ಹಣೆಯ ಮೇಲೆ ಕುಂಕುಮ ಇತ್ತು. ಅವನಿಗೆ ಕಾಣಲಿಲ್ಲ, ಅಷ್ಟೇ. ಆ ಮಾತು ಮನೆಯಿಂದ ಮನೆಗೆ ಹೋಗಿ, ಊರಿನ ಬಾಯಲ್ಲಿ ಹುಲಿಗಿ 'ಅಜ್ಜನ ಕೆಂಪು ನುಂಗಿದಾಕಿ' ಆದಳು.

ಹೀಗಾಗಿ ಅವಳಿಗೆ ಹಸಿರು ಕೊಡಲು ಯಾರೂ ಮುಂದೆ ಬರಲಿಲ್ಲ. ಒಂದು ಬೆಳಿಗ್ಗೆ ಚಾಪೆಯ ಮೇಲೆ ಕೂತು ಅವಳು ಕೆಳಗಿನ ಮುಂಬಲ್ಲನ್ನು ನಾಲಿಗೆಯಿಂದ ಅಲ್ಲಾಡಿಸುವುದನ್ನು ಕಂಡು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದೆ.

"ಏ ಹುಲಿಗಿ, ಬಾಯಿ ತಗಿ. ಎಂದಿನಿಂದ ಅಲ್ಲಾಡಾಕತ್ತೈತಿ?"

"ನಿನ್ನೆ ರೊಟ್ಟಿ ಕಡದಾಗಿಂದ್ರಿ ಅಕ್ಕೋರ," ಎಂದು ಹೆಮ್ಮೆಯಿಂದ ತೋರಿಸಿದಳು.

ಅಂದು ಸಂಜೆ ಮನೆ ಮನೆ ತಿರುಗಿದೆ. ಮೂಲೆಮನೆಯ ಸಾವಂತ್ರೆವ್ವ ಎಮ್ಮೆ ಹಿಂಡುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ನಿಮ್ಮ ಮಾತಿಗೆ ಇಲ್ಲ ಅನ್ನಬಾರದ್ರಿ ಅಕ್ಕೋರ. ಆದ್ರ ನಮ್ಮ ಮನ್ಯಾಗ ಎಮ್ಮಿ ಅದಾವ. ಮೇವು ಹಸೀದೋ ಒಣಗಿದ್ದೋ ನೋಡಬ್ಯಾಡೇನು?" ಬೇರೆ ಮಕ್ಕಳಿಗೆ ಹಸಿರು ಕೊಟ್ಟಾಗಲೂ ಇವಳ ಮನೆಯಲ್ಲಿ ಎಮ್ಮೆ ಇದ್ದವು. ಇನ್ನೊಬ್ಬಳು ನೇರವಾಗಿಯೇ ಅಂದಳು: "ನಾಕರ ಮುಂದ ಎಣಿಸಾಕ ಬರಂಗಿಲ್ಲ ಆ ಹುಡುಗಿಗೆ. ಐದು ಹೆಂಗ ತೀರಿಸ್ತೈತಿ?" ಅದು ನಿಜವಾಗಿತ್ತು. ಹುಣಸೆ ಬೀಜ ಕೊಟ್ಟರೂ, ಬಳೆ ಚೂರು ಕೊಟ್ಟರೂ, ಹುಲಿಗಿ ನಾಲ್ಕಕ್ಕೆ ನಿಂತು ಉಳಿದವನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದಳು.

ಪಾರವ್ವನನ್ನೂ ಕೇಳಿದೆ. ಸ್ವಂತ ಅಜ್ಜಿ, ಒಲ್ಲೆ ಅನ್ನಲಿಕ್ಕಿಲ್ಲ ಅಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿ ಹತ್ತಿಯ ಕಾಳು ಬಿಡಿಸುತ್ತಿದ್ದಳು. "ನಾ ಆಕಿ ಮ್ಯಾಲ ಸಿಟ್ಟ ಮಾಡಿಲ್ಲ," ಅಂದಳು. ಇನ್ನೊಂದು ಹಿಡಿ ಹತ್ತಿ ಎತ್ತಿಕೊಂಡು, "ಆದ್ರ ಆಕಿ ಮುಂದ ಕುಂತು ಪದ್ಯ ಹೇಳೂದು ನನ್ನಿಂದ ಆಗೂದಿಲ್ಲ," ಅಂದಳು.

ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಎಲೆ ಮಾರುವ ಗುರಬಸವ್ವನನ್ನು ಕೇಳುವ ಯೋಚನೆ ನನಗೆ ಬಂದಿರಲೇ ಇಲ್ಲ. ವೀಳ್ಯದೆಲೆಯ ಬುಟ್ಟಿ ಮುಂದಿಟ್ಟುಕೊಂಡು ಕೂರುವ ಒಂಟಿ ಹೆಂಗಸು. ಎರಡು ಹೊತ್ತು ಎಲೆ ತಿರುವಿ ಹಾಕಿ, ಹಣ್ಣಾದದ್ದನ್ನು ತೆಗೆದು, ಎಳೆಯದನ್ನು ಬೇರೆ ಇಟ್ಟು, ಹಸಿ ಗೋಣಿತಟ್ಟು ಹೊದಿಸುವುದೇ ಅವಳ ಕಸುಬು. ಹಸಿರು ಇಲ್ಲದೆ ಆ ಕಸುಬು ಹೇಗೆ? ತಿರುಗಿ ಸಾಕಾಗಿ ಆ ಕಟ್ಟೆಯ ಮೇಲೆ ಕೂತು ನನ್ನ ಕಷ್ಟ ಹೇಳಿಕೊಂಡೆ. ಅವಳು ಎಲೆ ಎಣಿಸುತ್ತಿದ್ದಳು. ಐದೈದು ಎಲೆ ಬೆರಳುಗಳಂತೆ ಹರಡಿ, "ಲಾಭ... ಎರಡು... ಮೂರು..." ಎಂದು ರಾಗವಾಗಿ. ಒಂದು ಎನ್ನುವ ಬದಲು ಲಾಭ ಎಂದೇ ಎಣಿಕೆ ಸುರು ಮಾಡುವುದು ವ್ಯಾಪಾರಸ್ಥರ ಪದ್ಧತಿ. ಎಣಿಕೆ ಮುಗಿಸಿ ನನ್ನತ್ತ ತಿರುಗಿದಳು.

"ಎಲ್ಲಾರ ಮನಿಗೂ ಹೋಗಿ ಬಂದ್ರೆಲ್ಲ, ನನ್ನ ಯಾಕ ಕೇಳಲಿಲ್ರಿ?"

"ನೀ ಎಲಿ ಮಾರೂಕಿ. ಹಸರು ಕೊಟ್ಟು ಕುಂತ್ರ ಏನ ಮಾರ್ತೀ?"

"ಅದಽ ನೋಡ್ರಿ. ನನ್ನ ವಾರಿಗಿಯವರೆಲ್ಲಾ ಮೂರು ಮೂರು, ನಾಕು ನಾಕು ಹುಡುಗರಿಗೆ ಬಣ್ಣ ಕೊಟ್ಟಾರ. ಆ ಹುಡುಗರು ಎದುರಿಗೆ ಬಂದಾಗೆಲ್ಲ ದೊಡ್ಡವ್ವಾ ಅಂತಾವ, ಕಬ್ಬು ತಂದು ಕೊಡ್ತಾವ. ನನ್ನ ಹಂತ್ಯಾಕ ಒಬ್ಬರರೇ ಬಂದು ಕೇಳೀರೇನು? ಎಲಿಯಾಕಿ, ಆಕಿನ್ನ ಕೇಳಬಾರದು ಅಂತ ನೀವ ಮಾತಾಡಿಕೊಂಡು ಬಿಟ್ರಿ." ಗೋಣಿತಟ್ಟಿನ ಮೇಲೆ ನೀರು ಚಿಮುಕಿಸಿದಳು. "ನಾಳೆ ಕರಕೊಂಡು ಬರ್ರಿ. ಹಲ್ಲು ಗಟ್ಟಿ ಹಿಡಕೊಂಡು ಬಾ ಅನ್ರಿ."

ಮರುದಿನ ಕಟ್ಟೆಯ ಮೇಲೆ ಇಬ್ಬರನ್ನೂ ಎದುರು-ಬದುರು ಕೂರಿಸಿದೆ. ಬಸ್ಸಿಗೆ ಕಾದವರು ಸುತ್ತ ನಿಂತರು. ಗುರಬಸವ್ವನಿಗೆ ಪದ್ಯ ಅರ್ಧ ಮರೆತಿತ್ತು. ನಾನು ಹಿಂದಿನಿಂದ ಹೇಳಿಕೊಟ್ಟೆ.

"ಒಂದೆಲಿ ಬಿತ್ತು ಬಾವಿಯ ಒಳಗ,
ಎರಡೆಲಿ ಹಾರಿ ಬಂದವು ಹೊರಗ,
ಮೂರೆಲಿ ಮೇಯ್ತು ಆಡಿನ ಮರಿ,
ನಾಕೆಲಿ ನೆರಳಿಗೆ ಕಪ್ಪೆಯ ಮರಿ,
ಐದನೆ ಎಲಿಯು ಎಲ್ಲಿಗೆ ಹೊಂಟು?
ಹಸಿರನು ಕೊಟ್ಟ ಕೈಯೊಳಗುಂಟು."

ಹುಲಿಗಿ ತಿರುಗಿ ಹೇಳಿದಳು. ಹೇಳುತ್ತಿದ್ದಂತೆ ಅವಳ ಕಣ್ಣು ಬುಟ್ಟಿಯ ಮೇಲೆ ನಿಂತಿತು, ಅಲ್ಲಿಂದ ಬೇವಿನ ಗಿಡಕ್ಕೆ ಹೋಯಿತು, ಅಲ್ಲಿಂದ ಬಸ್ಸಿನ ಮೇಲಿದ್ದ ಬಾಳೆಗೊನೆಗೆ. "ಇಷ್ಟ ಐತೇನು ಇದು!" ಎಂದು ಕೂಗಿದಳು. ಆಮೇಲೆ ಗುರಬಸವ್ವನ ಸೆರಗು ಹಿಡಿದು, "ದೊಡ್ಡವ್ವಾ, ನಿನ್ನ ಸೀರಿನೂ ಹಸರೈತಿ!" ಎಂದಳು.

"ಹೌದಾ? ನನಗ ಈಗ ಬೂದಿಯಂಗ ಕಾಣಾಕತ್ತೈತಿ," ಎಂದು ಗುರಬಸವ್ವ ಸೆರಗನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇರ್ಲಿ. ನನ್ನ ಪಾಲಿಂದು ನೀನ ನೋಡು." ಅವಳ ಮುಖದಲ್ಲಿ ಹೆದರಿಕೆ ಸುಳಿದು ಹೋದದ್ದನ್ನು ನಾನು ಕಂಡೆ. ಆದರೆ ದೊಡ್ಡವ್ವಾ ಎಂಬ ಮಾತು ಬಿದ್ದ ಕಿವಿಯನ್ನು ಅವಳು ಒಮ್ಮೆ ಸವರಿಕೊಂಡಳು.

ಮೊದಲ ವಾರ ಅವಳ ವ್ಯಾಪಾರ ಹದಗೆಟ್ಟಿತು. ಬುಟ್ಟಿಯಲ್ಲೆಲ್ಲ ಬೂದಿ. ಮುಟ್ಟಿ, ಮೂಸಿ ನೋಡಿ ಎಲೆ ಆರಿಸಿದರೂ ಹಣ್ಣಾದವು ಸೇರಿಕೊಳ್ಳುತ್ತಿದ್ದವು. ಮೇಸ್ತ್ರಿ ದುರ್ಗಪ್ಪ ಎಲೆ ತೆರೆದು ನೋಡಿ, "ಏನಬೇ ಗುರಬಸವ್ವಾ, ಅರಿಸಿನ ಹಚ್ಚಿ ಮಾರಾಕ ಹತ್ತೀಯೇನು?" ಎಂದು ಹಾಸ್ಯ ಮಾಡಿದರೆ, "ನಿನ್ನ ಮದಿವ್ಯಾಗ ಉಳಿದಿತ್ತಪಾ, ಕೆಡಸೂದ್ಯಾಕ ಅಂತ ಹಚ್ಚೀನಿ," ಎನ್ನುತ್ತಿದ್ದಳು. ಜನ ನಗುತ್ತಿದ್ದರು. ನಕ್ಕವರಲ್ಲಿ ಕೆಲವರು ಸುಮ್ಮನೆ ಸಂತೆಯ ಅಂಗಡಿಗೆ ಹೋಗಿ ಎಲೆ ಕೊಂಡರು.

ಇತ್ತ ಶಿಶುವಿಹಾರದಲ್ಲಿ ಹುಲಿಗಿ ಎಲೆ ಮಾಡಲು ಕೂತಳು. ಅವರೆ ರಸದಲ್ಲಿ ಅದ್ದಿದ ಕಾಗದ ಮಡಚಿ, ನಾನು ಬರೆದ ಗೆರೆಯ ಮೇಲೆ ಕತ್ತರಿ ಓಡಿಸಿ, ಉಗುರಿನಿಂದ ನರ ಮೂಡಿಸಿ, ಹೊಸೆದ ಕಾಗದದ ತೊಟ್ಟನ್ನು ಅಂಟಿನಲ್ಲಿ ಕೂರಿಸುವುದು. ತೊಟ್ಟು ಕೂರಿಸುವುದೇ ಕಷ್ಟ, ಅಂಟು ಬೆರಳಿಗೇ ಹತ್ತುತ್ತದೆ. ಅವಳ ಕೈ ಚಿಕ್ಕದಾದರೂ ಹದವಾಗಿತ್ತು. ಮೊದಲನೆಯ ಎಲೆ ಕೊಟ್ಟ ದಿನ ಗುರಬಸವ್ವ ಮುಷ್ಟಿ ಮುಚ್ಚಿ ತೆಗೆದು, ಬೇವಿನ ಗಿಡದ ಕಡೆ ನೋಡಿ, "ಬಂತು, ನೆರಳಿನ ಹಸರು ಬಂತು!" ಎಂದಳು. ಎರಡನೆಯದಕ್ಕೆ ಗಿಣಿಯ ಹಸಿರು ಬಂತು. ಮೂರಕ್ಕೆ ತನ್ನ ಸೀರೆಯದು. ನಾಲ್ಕಕ್ಕೆ ಬಲಿತ ಎಲೆಯದು. ಬುಟ್ಟಿ ಮತ್ತೆ ಬುಟ್ಟಿಯಂತೆ ಕಂಡಿತು. ಉಳಿದದ್ದು ಚಿಗುರೆಲೆಯ ಹಸಿರೊಂದೇ. ಆದರೆ ಒಳ್ಳೆಯ ಗಿರಾಕಿಗಳು ಬರುವುದೇ ಎಳೆಯ ಎಲೆಗೆ. ಅದು ಅವಳ ಕಣ್ಣಿಗೆ ಕೊಳೆತದ್ದರಂತೆ ಕಂಡು, ಬುಟ್ಟಿಯ ಹೊರಗೆ ಬೀಳುತ್ತಿತ್ತು. ಹೊರಗೆ ಬಿದ್ದದ್ದನ್ನು ಆಡುಗಳು ತಿಂದು ಹೋಗುತ್ತಿದ್ದವು.

ನಾಲ್ಕರ ಮೇಲೆ ಹುಲಿಗಿ ಕತ್ತರಿ ಮುಟ್ಟಲಿಲ್ಲ. ತಾನೊಬ್ಬಳೇ ಪದ್ಯ ಹೇಳುವಾಗಲೂ ಕಪ್ಪೆಯ ಮರಿ ಬಂದ ಕೂಡಲೆ ಬಾಯಿ ಮುಚ್ಚುತ್ತಿದ್ದಳು. ಎರಡು ವಾರ ಕಳೆಯಿತು. ಊರವರು ಹೇಳಿದ್ದೇ ಆಯಿತಲ್ಲ ಎನ್ನುವ ಮುಖ ಮಾಡಿಕೊಂಡು ಸಾವಂತ್ರೆವ್ವ ನನ್ನ ಬಾಗಿಲ ಮುಂದೆ ಹಾದು ಹೋದಳು. ಒಂದು ಮಧ್ಯಾಹ್ನ ಉಳಿದ ಮಕ್ಕಳು ಮಲಗಿದ್ದಾಗ ಹುಲಿಗಿಯನ್ನು ಹತ್ತಿರ ಕೂರಿಸಿಕೊಂಡೆ. ಹಗ್ಗದ ಮೇಲೆ ಕೆಂಪು ಕಾಗದ, ಹಸಿರು ಕಾಗದ ಆಡುತ್ತಿದ್ದವು. ಅವಳು ಕೆಂಪನ್ನು ಎಂದೂ ಮುಟ್ಟುತ್ತಿರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು.

"ನಾಕರ ಮುಂದ ಏನೈತಿ, ಹುಲಿಗಿ?"

"ಐದು."

ಬೆರಗಾಗಿ ಅವಳನ್ನೇ ನೋಡಿದೆ. "ಗೊತ್ತೈತಿ ನಿನಗ! ಮತ್ತ ಯಾಕ ಎಣಿಸಂಗಿಲ್ಲ?"

"ಅದು ಅಜ್ಜಂದ್ರಿ," ಅಂದಳು, ಇಷ್ಟೂ ತಿಳಿಯದೇ ಎನ್ನುವಂತೆ. "ಅಜ್ಜಗ ಕೊಡೂದೈತಿ. ಅಜ್ಜಂದು ಕೊಡದಽ ಮಂದಿಗೆ ಹೆಂಗ ಕೊಡ್ಲಿ?"

ನನ್ನ ಚಾಪೆಯ ಮೇಲೆ ಒಂದು ವರ್ಷ ಕೂತು ಈ ಮಗು ನಾಲ್ಕಕ್ಕೆ ನಿಂತಿತ್ತು. ಬರುವುದಿಲ್ಲವೆಂದು ನಾವೆಲ್ಲ ತಿಳಿದಿದ್ದೆವು. ಅವಳು ಐದನ್ನು ಎತ್ತಿ ಇಟ್ಟಿದ್ದಳು, ಹಬ್ಬಕ್ಕೆಂದು ಮಾಡಿದ ಉಂಡಿಯನ್ನು ಯಾರೂ ಮುಟ್ಟದಂತೆ ಎತ್ತಿ ಇಡುವ ಹಾಗೆ.

ಸಂಜೆ ಗುರಬಸವ್ವನಿಗೆ ಹೇಳಿದೆ. ಅವಳು ಎಲೆ ತಿರುವುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. "ಸರಿ ಐತಲ್ರಿ ಹುಡುಗಿ ಮಾತು. ಮದ್ಲ ಮುದುಕಂದು ತೀರಬೇಕು, ಆಮ್ಯಾಲ ನಂದು."

"ಅಂವ ಎಲ್ಲಿ ಅದಾನವಾ ಕೈ ಚಾಚಾಕ?"

"ಅಂವ ಇಲ್ಲ. ಅವನ ಹೇಣ್ತಿ ಅದಾಳ," ಎಂದು ಗುರಬಸವ್ವ ಬುಟ್ಟಿ ಮುಚ್ಚಿದಳು. "ಅಂವ ಕಾಣದಽ ಹೋಗಿದ್ದು ಯಾರ ಹಣಿ ಮ್ಯಾಲಿಂದು?"

ಮರುದಿನ ಹುಲಿಗಿಗೆ ಇಷ್ಟೇ ಹೇಳಿದೆ: "ಅಜ್ಜಂದು ಪಾರವ್ವ ಆಯಿಗೆ ಕೊಟ್ರ ನಡೀತೈತಿ." ಅವಳು ಸ್ವಲ್ಪ ಯೋಚಿಸಿ, ಎದ್ದು ಹೋಗಿ, ಹಗ್ಗದಿಂದ ಕೆಂಪು ಕಾಗದವನ್ನು ಎಳೆದುಕೊಂಡಳು. ಒಂದು ವರ್ಷದಲ್ಲಿ ಮೊದಲ ಸಲ. ಏನು ಮಾಡಬೇಕೆಂದು ನಾನು ಹೇಳಲಿಲ್ಲ. ಹೆಬ್ಬೆರಳಿನಷ್ಟು ದುಂಡಗೆ ಒಂದನ್ನು ಕತ್ತರಿಸಿದಳು, ಅಂಚು ಸರಿಯಾಗಲಿಲ್ಲವೆಂದು ಬಿಸಾಡಿ ಇನ್ನೊಂದು ಕತ್ತರಿಸಿದಳು. ಪಕ್ಕದ ಹುಡುಗ, "ಏನದು, ಟೊಮ್ಯಾಟೋ?" ಎಂದ. ಅವಳು ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದ್ದಳು.

ಪಾರವ್ವ ಗೋಡೆಗೆ ಒರಗಿ ಕಾಳು ಬಿಡಿಸುತ್ತಲೇ ಇದ್ದಳು. ಹುಲಿಗಿ ಎದುರಿಗೆ ಕೂತು ಬೆರಳು ಮಡಚುತ್ತ, "ಹುಂಜದ ಜುಟ್ಟು ಒಂದು. ಮೆಣಸಿನಕಾಯಿ ಎರಡು. ದಾಸಾಳ ಮೂರು. ಗುಲಗಂಜಿ ನಾಕು. ಇದು ಅಜ್ಜನ ಬಾಕಿ," ಎಂದು ಕಾಗದದ ತುಣುಕನ್ನು ಮುಂದೆ ಚಾಚಿ, "ಐದು," ಎಂದಳು.

ಮುದುಕಿಯ ಕೈ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಹಿಡಿ ಹತ್ತಿ ಮುಗಿಯಿತು, ಇನ್ನೊಂದು ಹಿಡಿ ಮುಗಿಯಿತು. ನಾನು ಹುಲಿಗಿಯನ್ನು ಎಬ್ಬಿಸಿಕೊಂಡು ಬರಬೇಕೆಂದುಕೊಳ್ಳುವಷ್ಟರಲ್ಲಿ ಪಾರವ್ವ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ನಾ ಇಸ್ಕೊಂಡ್ರ ಅವಗ ಮುಟ್ಟತೈತೇನ್ರಿ ಅಕ್ಕೋರ?"

"ಗೊತ್ತಿಲ್ಲ ಪಾರವ್ವ."

ಅವಳು ಅಂಗೈ ಒಡ್ಡಿದಳು. ಹುಲಿಗಿ ಇಟ್ಟಳು. ಮುದುಕಿ ಅದನ್ನು ದಿಟ್ಟಿಸಿ ನೋಡಿ, "ಇಷ್ಟ ದೊಡ್ಡದು ನಾ ಎಂದೂ ಹಚ್ಚಿಕೊಂಡಿರಲಿಲ್ಲಽ ನನ್ನ ಕೂಸ," ಎಂದು ನಕ್ಕಳು, ನಗುತ್ತಲೇ ಮುಷ್ಟಿ ಮುಚ್ಚಿದಳು. ಮುಚ್ಚಿದ ಮುಷ್ಟಿಯನ್ನು ಹಣೆಗೆ ಒತ್ತಿಕೊಂಡಳು. ಆಮೇಲೆ, "ಅವಗ ಮುಟ್ಟಲಿ ಬಿಡಲಿ, ನನಗ ಮುಟ್ಟಿತು," ಅಂದಳು. ಗೂಟಕ್ಕೆ ತೂಗುಹಾಕಿದ್ದ ಎಲೆ-ಅಡಿಕೆಯ ಸಂಚಿಯನ್ನು ಹುಲಿಗಿಯಿಂದ ತರಿಸಿ ಅದರೊಳಗೆ ಇಟ್ಟಳು. ಗಂಡ ಹೋದಾಗಿನಿಂದ ಆ ಸಂಚಿ ಗೂಟ ಬಿಟ್ಟು ಇಳಿದಿರಲಿಲ್ಲ. ಎರಡು ದಿನ ಬಿಟ್ಟು ಗುರಬಸವ್ವನ ಕಟ್ಟೆಗೆ ಬಂದು, "ಐದು ಎಲಿ ಕೊಡವಾ, ಎಳೇವು," ಅಂದಳಂತೆ.

ಅದೇ ವಾರ ಹುಲಿಗಿ ಐದನೆಯ ಹಸಿರು ಎಲೆ ಮಾಡಿದಳು. ನಾನೂ ಜೊತೆಗೆ ಹೋದೆ. ಸಾವಂತ್ರೆವ್ವ ಬಸ್ಸಿಗೆ ನಿಂತಿದ್ದವಳು ಕತ್ತು ಚಾಚಿದಳು. ಹುಲಿಗಿ ಊರೆಲ್ಲ ಕೇಳುವಂತೆ "ಐದು!" ಎಂದು ಎಲೆಯನ್ನು ಗುರಬಸವ್ವನ ಅಂಗೈಯಲ್ಲಿಟ್ಟಳು.

ಗುರಬಸವ್ವ ಅದನ್ನು ಎತ್ತಿ ಹಿಡಿದು ಮುಂದೆ ಹಿಂದೆ ತಿರುಗಿಸಿದಳು. ಆ ಎಲೆಗೆ ಅವಸರದಲ್ಲಿ ತೊಟ್ಟು ಅಂಟಿಸಿರಲಿಲ್ಲ. ಅವಳ ಕಣ್ಣು ಎಲೆಯ ಮೇಲಿಂದ ಹುಡುಗಿಯ ಮೇಲೆ ಹೋಗಿ ಅಲ್ಲಿಯೇ ನಿಂತಿತು. ತೀರಿಸಿದ ಮೇಲೆ ಮಕ್ಕಳು ದಿನಾ ಕಟ್ಟೆಗೆ ಯಾಕೆ ಬಂದಾರು?

"ತೊಟ್ಟೆಲ್ಲಿ?" ಎಂದಳು. "ತೊಟ್ಟಿಲ್ಲದ ಎಲಿ ಯಾರ ತಗೋತಾರ ನನ್ನ ಹಂತ್ಯಾಕ? ಒಲ್ಲೆವಾ. ಇನ್ನೊಂದು ಮಾಡ್ಕೊಂಡು ಬಾ." ಮುಷ್ಟಿ ಮುಚ್ಚಲಿಲ್ಲ.

ಹುಲಿಗಿ ತೊಟ್ಟು ಹಚ್ಚಿ ತಂದಳು. ಆಗ ನರ ಸೊಟ್ಟ ಆಗಿದ್ದವು. ನರ ನೆಟ್ಟಗಾದಾಗ ಅದು ವೀಳ್ಯದೆಲೆಯಲ್ಲ, ಅರಳಿ ಎಲೆ ಎಂದಾಯಿತು. "ಹೊತ್ತಾತು, ಇಲ್ಲೇ ಕುಂದರು, ಬಂದ ಗಿರಾಕಿಗೆ ಎಳೇವು ಯಾವು ಅನ್ನೂದರೇ ತೋರಿಸು," ಎನ್ನುವುದು ದಿನದ ಮಾತಾಯಿತು. ಹುಲಿಗಿ ಚಿಗುರೆಲೆ ಆರಿಸಿ ಕೊಡುತ್ತಿದ್ದಳು, ಗುರಬಸವ್ವ ಐದೈದು ಹರಡುತ್ತಿದ್ದಳು, ಇಬ್ಬರೂ ಕೂಡಿ ಲಾಭ, ಎರಡು, ಮೂರು ಎಂದು ಎಣಿಸುತ್ತಿದ್ದರು. ಐದನ್ನು ದಾಟಿ, ಹತ್ತನ್ನು ದಾಟಿ, ಬುಟ್ಟಿಯ ತಳದವರೆಗೆ. ಹಾಲುಹಲ್ಲು ಆ ಕಟ್ಟೆಯ ಮೇಲೆಯೇ, ಕಬ್ಬು ಕಡಿಯುವಾಗ ಬಿತ್ತು. ಕಬ್ಬು ತಂದವಳು ಹುಲಿಗಿ.

ಈಗ ಮತ್ತೆ ಹತ್ತಿಯ ಕಾಲ. ಹುಲಿಗಿ ದೊಡ್ಡ ಶಾಲೆಗೆ ಹೋಗುತ್ತಾಳೆ. ಆದರೂ ಮೊನ್ನೆ ಸಂಜೆ ನನ್ನ ಹತ್ತಿರ ಬಂದು, ಅವರೆ ರಸದ ಕಾಗದ ಒಂದಿಷ್ಟು ಬೇಕೆಂದಳು. ಚಾಪೆಯ ಮೇಲೆ ಕೂತು ಕಣ್ಣು ಮಿಟುಕಿಸುವುದರಲ್ಲಿ ಆ ಐದನೆಯ ಎಲೆ ಕತ್ತರಿಸಿದಳು. ನರ ನೆಟ್ಟಗಿದ್ದವು. ತೊಟ್ಟು ಹೊಸೆದು ಅಂಟಿಸಿದಳು, ಗಟ್ಟಿಯಾಗಿ ಕೂತಿದೆಯೇ ಎಂದು ಎಳೆದು ನೋಡಿದಳು. ಇದರಲ್ಲಿ ತಪ್ಪು ಹುಡುಕುವುದು ಗುರಬಸವ್ವನಿಗೂ ಆಗದು ಎಂದುಕೊಂಡೆ.

"ಭಾಳ ಚೊಲೋ ಆಗೈತಿ, ಹುಲಿಗಿ."

"ಹೌದಲ್ರಿ?" ಎಂದು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕತ್ತರಿ ತೆಗೆದುಕೊಂಡು ತೊಟ್ಟನ್ನು ಚಕ್ಕನೆ ಕತ್ತರಿಸಿ ನನ್ನ ಕೈಯಲ್ಲಿಟ್ಟು, ಎಲೆ ಹಿಡಿದುಕೊಂಡು ಕಟ್ಟೆಯ ಕಡೆ ಓಡಿದಳು.